ಅತ್ತೆಯವರ ಸಾರನ್ನು ನಾನು ರೆಕಾರ್ಡ್ ಮಾಡಿದ್ದು

ನಮ್ಮ ಮನೆಯಲ್ಲಿ ಕರೆಂಟಿನಿಂದ ನಡೆಯುವ ಯಾವುದೇ ವಸ್ತುವನ್ನು ಆರಿಸಿಕೊಳ್ಳುವ ಅಧಿಕಾರ ನನ್ನದು. ಇದನ್ನು ನನಗೆ ಯಾರೂ ಕೊಟ್ಟಿದ್ದಲ್ಲ, ಮದುವೆಯಾದ ಹೊಸದರಲ್ಲಿ ನಾನೇ ತೆಗೆದುಕೊಂಡೆ. ನನ್ನ ಹೆಂಡತಿ ಸುಮ ಆಗ ಏನೂ ಹೇಳಲಿಲ್ಲ. ಸದರಿ ಮೌನವನ್ನೇ ಮಂಜೂರಾತಿ ಎಂದು ಪರಿಗಣಿಸಲಾಯಿತು.

ನಾನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಕಚೇರಿಗೆ ಒಂದು ಗೋಡೆ ಗಡಿಯಾರ ಬೇಕೆಂದರೂ ಹಲವು ಅಂಗಡಿಗಳ ದರಪಟ್ಟಿ ತರಿಸಿ, ಹೋಲಿಸಿ, ಟಿಪ್ಪಣಿ ಬರೆದು ಮೇಲಿನವರ ಮುಂದಿಡುವವನು. ಆ ಗಡಿಯಾರ ನಿಂತೇಹೋಗಿದೆ, ಅದು ಬೇರೆ ವಿಷಯ. ಹೀಗಾಗಿ ಭದ್ರಾವತಿಯಲ್ಲಿರುವ ನಮ್ಮ ಅತ್ತೆ ಗಿರಿಜಮ್ಮನವರು ಟಿವಿಯಲ್ಲಿ ಬರುತ್ತಾರೆ, ಅದನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ ಬೇಕು ಎಂದಾದಾಗ ಇದು ನನ್ನ ಜೀವಮಾನದ ಕೆಲಸ ಎಂದೇ ನನಗನ್ನಿಸಿತು.

ವಿಷಯ ಇಷ್ಟು. ಒಂದು ಚಾನೆಲ್‌ನವರು ಊರೂರಿಗೆ ಹೋಗಿ ಗೃಹಿಣಿಯರ ಅಡುಗೆ ತೋರಿಸುತ್ತಾರೆ. ಭದ್ರಾವತಿಗೂ ಬಂದಿದ್ದರು. ಫ್ಯಾಕ್ಟರಿ ಕಡೆಯ ಬೀದಿಯಲ್ಲಿ ಯಾರು ಅಡುಗೆ ಚೆನ್ನಾಗಿ ಮಾಡುತ್ತಾರೆ ಎಂದು ವಿಚಾರಿಸಿದರಂತೆ. ಎಲ್ಲರೂ ನಮ್ಮ ಅತ್ತೆಯ ಮನೆ ತೋರಿಸಿದರು. ಅತ್ತೆ ಹುರುಳಿ ಕಟ್ಟಿನ ಸಾರು ಮಾಡಿ ತೋರಿಸಿದರು. ಶೂಟಿಂಗ್ ದಿನ ನನಗೆ ಕಚೇರಿ, ಹೈಸ್ಕೂಲ್ ಟೀಚರಾದ ಸುಮಳಿಗೆ ಪರೀಕ್ಷೆಯ ಕೆಲಸ. ಅಲ್ಲಿ ಇದ್ದದ್ದು ಅತ್ತೆಯ ಪಕ್ಕದ ಮನೆಯ ಸೆಲ್ವಿ ಒಬ್ಬರೇ, ಅವರನ್ನೂ ಸದ್ದಾಗುತ್ತದೆ ಎಂದು ಹೊರಗೆ ಕೂರಿಸಿದ್ದರು.

ಕಾರ್ಯಕ್ರಮ ಬರುವುದು ಬುಧವಾರ ಮಧ್ಯಾಹ್ನ ಒಂದು ಗಂಟೆಗೆ. ಮನೆಯಲ್ಲಿ ಯಾರೂ ಇರುವ ಹೊತ್ತಲ್ಲ. ಆ ಚಾನೆಲ್‌ನವರು ಇಡೀ ಕಾರ್ಯಕ್ರಮವನ್ನು ಇಂಟರ್ನೆಟ್‌ಗೂ ಹಾಕುವುದಿಲ್ಲ. ಸುಮ ಸಪ್ಪಗಾದಳು. "ಅಮ್ಮ ಜೀವನ ಪೂರ್ತಿ ಬೇರೆಯವರಿಗೆ ಬಡಿಸಿದ್ದೇ ಆಯ್ತು. ಒಂದು ದಿನ ಎಲ್ಲರೂ ಅವಳನ್ನು ನೋಡ್ತಾರೆ ಅಂದ್ರೆ ನಾವೇ ನೋಡೋ ಹಾಗಿಲ್ಲ" ಎಂದಳು.

"ನಾನಿದ್ದೀನಲ್ಲ" ಎಂದೆ. ಈ ಮಾತು ಹೇಳಿದಾಗೆಲ್ಲ ನಮ್ಮ ಮನೆಯಲ್ಲಿ ಏನೋ ಒಂದು ಕೆಟ್ಟಿದೆ. ಆದರೂ ಆ ಕ್ಷಣಕ್ಕೆ ಅವಳ ಮುಖ ಅರಳಿದ್ದು ನಿಜ.

ಫೋನಿನಲ್ಲಿ ವಿಷಯ ಕೇಳಿದ ಅತ್ತೆ ಮಾತ್ರ ಅದೆಲ್ಲ ಯಾಕೆ, ಸುಮ್ಮನೆ ತೊಂದರೆ ತಗೋಬೇಡಿ ಎಂದರು. ಎಂಥ ಸಂಕೋಚದ ಜೀವ ಎಂದು ನನಗೆ ಗೌರವ ಹೆಚ್ಚಾಯಿತು. ಛಲವೂ ಹೆಚ್ಚಾಯಿತು.

ಪರಿಶೀಲನೆ ಶುರುವಾಯಿತು. ರೆಕಾರ್ಡ್ ಮಾಡುವ ಡಿಶ್ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದಕ್ಕೆ ನಾವೇ ಪೆನ್‌ಡ್ರೈವ್ ಚುಚ್ಚಬೇಕು. ಇನ್ನೊಂದರ ಹೊಟ್ಟೆಯೊಳಗೇ ಹಾರ್ಡ್ ಡಿಸ್ಕ್ ಇರುತ್ತದೆ, ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ನೆಹರೂ ರಸ್ತೆ, ದುರ್ಗಿಗುಡಿ ಎಂದು ಅಂಗಡಿ ಅಂಗಡಿ ಹತ್ತಿ ಇಳಿದೆ. ಈಗ ಅದನ್ನೆಲ್ಲ ಯಾರು ಕೇಳ್ತಾರೆ ಸಾರ್, ಎಲ್ಲ ಮೊಬೈಲಲ್ಲೇ ನೋಡ್ತಾರೆ ಎಂದು ಕೆಲವರು ನಕ್ಕರು. ಒಬ್ಬರು ಮಾತ್ರ ನಮ್ಮ ಮನೆಯ ಪೆಟ್ಟಿಗೆಯ ವಿವರ ಕೇಳಿ, ಅದರ ಹಿಂದೆಯೇ ತೂತಿದೆ, ಒಂದು ಪೆನ್‌ಡ್ರೈವ್ ಹಾಕಿದರೆ ಕೆಲಸ ಮುಗಿಯಿತು ಎಂದರು.

ನನಗೆ ಇದು ಅವಮಾನವೆನಿಸಿತು. ಅತ್ತೆಯವರನ್ನು ಹೆಬ್ಬೆರಳು ಗಾತ್ರದ ಕಡ್ಡಿಯಲ್ಲಿ ಹಿಡಿದಿಡುವುದೇ?

ನನ್ನ ಸಹೋದ್ಯೋಗಿ ನಾಗರಾಜ ಆಯನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವನು. ದಾರಿಯುದ್ದಕ್ಕೂ ಮೊಬೈಲ್ ನೋಡಿ ನೋಡಿ ಎಲ್ಲ ವಿಷಯದಲ್ಲೂ ಪಂಡಿತನಾಗಿದ್ದ. "ತಗೊಳ್ಳೋದಾದ್ರೆ ಹಾರ್ಡ್ ಡಿಸ್ಕಿಂದೇ ತಗೋ ಮಾರಾಯ, ನಿನ್ನ ಮೊಮ್ಮಕ್ಕಳೂ ನೋಡಬಹುದು" ಎಂದ. ಬೇರೆ ಊರಲ್ಲಿ ಓದುತ್ತಿರುವ ನನ್ನ ಮಕ್ಕಳಿಗೇ ಇನ್ನೂ ಮದುವೆಯಾಗಿಲ್ಲ. ಆದರೂ ಮಾತು ತೂಕದ್ದು ಅನ್ನಿಸಿತು.

ಅಂಥ ಪೆಟ್ಟಿಗೆ ಶಿವಮೊಗ್ಗದಲ್ಲಿ ಎಲ್ಲೂ ಸಿಗಲಿಲ್ಲ. ಭದ್ರಾವತಿಯ ಒಂದು ಅಂಗಡಿಯಲ್ಲಿ ಒಂದೇ ಒಂದು ಉಳಿದಿದೆ ಎಂದು ತಿಳಿದು ರಜೆ ಹಾಕಿ ಹೋದೆ. ಅಂಗಡಿಯವರು ಅದನ್ನು ಮೇಲಿನ ಹಲಗೆಯಿಂದ ಇಳಿಸಿ ಧೂಳು ಒರೆಸಿದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಮಗಳಿಗೆ ಗಂಡು ಸಿಕ್ಕಂಥ ಸಮಾಧಾನವಿತ್ತು.

ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಅತ್ತೆಯ ಮನೆಗೂ ಹೋದೆ. ಕಾಫಿ ಕೊಟ್ಟು, ಪೆಟ್ಟಿಗೆಯನ್ನೇ ಸ್ವಲ್ಪ ಹೊತ್ತು ನೋಡಿ ಅತ್ತೆ ಕೇಳಿದರು: "ಅಳಿಯಂದ್ರೆ, ಇದನ್ನ ವಾಪಸ್ ತಗೊಳ್ಳಲ್ವಾ ಅಂಗಡಿಯವರು?"

"ನಿಮಗಿಂತ ಹೆಚ್ಚೇ ಅತ್ತೆ?" ಎಂದೆ. ಅವರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನ ಜೋಡಿಸುವವರು ಬಂದರು. ಈ ಪೆಟ್ಟಿಗೆಗೆ ಡಿಶ್‌ನಿಂದ ಎರಡು ವೈರ್ ಬೇಕು, ನಿಮ್ಮದರಲ್ಲಿ ಒಂದೇ ಇದೆ, ಡಿಶ್‌ನ ಮೂತಿಯನ್ನೇ ಬದಲಾಯಿಸಬೇಕು, ಅದು ಬರಲು ಒಂದು ವಾರವಾಗುತ್ತದೆ ಎಂದರು. ಸದ್ಯಕ್ಕೆ ಒಂದೇ ವೈರ್‌ನಲ್ಲಿ ನಡೆಸಿ, ಟಿವಿಯಲ್ಲಿ ಯಾವ ಚಾನೆಲ್ ಇರುತ್ತದೋ ಅದು ಮಾತ್ರ ರೆಕಾರ್ಡ್ ಆಗುತ್ತದೆ ಎಂದು ಹೇಳಿ ಹೋದರು.

ಅಂದರೆ ಒಂದು ಪೆನ್‌ಡ್ರೈವ್ ಮಾಡುತ್ತಿದ್ದ ಕೆಲಸವನ್ನೇ ಈ ದೊಡ್ಡ ಪೆಟ್ಟಿಗೆಯೂ ಮಾಡುತ್ತದೆ. ಈ ಅಂಶವನ್ನು ಸುಮಳ ಗಮನಕ್ಕೆ ತರುವ ಅಗತ್ಯ ನನಗೆ ಕಂಡುಬರಲಿಲ್ಲ.

ಚಿತ್ರ ಇನ್ನೂ ಸ್ವಲ್ಪ ಸ್ಪಷ್ಟವಾಗಲಿ ಎಂದು ಭಾನುವಾರ ನಾನೇ ತಾರಸಿ ಹತ್ತಿ ಡಿಶ್ಶನ್ನು ಒಂದು ಕೂದಲೆಳೆಯಷ್ಟು ಅಲುಗಿಸಿದೆ. ಟಿವಿ ಪೂರ್ತಿ ಕಪ್ಪಾಯಿತು. ಆಮೇಲೆ ನಾನು ಮೇಲಿನಿಂದ ತಿರುಗಿಸುವುದು, ಸುಮ ಕಿಟಕಿಯಿಂದ ಬಂತು, ಹೋಯ್ತು ಎಂದು ಕೂಗುವುದು. ಎದುರು ಮನೆಯ ರುದ್ರಪ್ಪನವರು ಪೇಪರ್ ಓದುವುದು ಬಿಟ್ಟು ರಸ್ತೆಗೆ ಬಂದರು. ಸ್ವಲ್ಪ ಹೊತ್ತಿಗೆ ರಾಗಿಗುಡ್ಡದ ನಮ್ಮ ಬೀದಿಯಲ್ಲಿ ಸಲಹೆ ಕೊಡದವರೇ ಉಳಿಯಲಿಲ್ಲ. ಒಬ್ಬರು ಪೂರ್ವಕ್ಕೆ ಎಂದರೆ ಇನ್ನೊಬ್ಬರು ತುಂಗಾ ಹೊಳೆ ಕಡೆಗೆ ಎಂದರು. ಕೊನೆಗೆ ಒಮ್ಮೆ "ಬಂತು, ಹಾಗೇ ಇರಿ" ಎಂದು ಸುಮ ಕೂಗಿದಳು. ಹಾಗೇ ಇದ್ದೆ. ನಾನು ಡಿಶ್ಶನ್ನು ಎದೆಗೆ ಅವುಚಿಕೊಂಡಿದ್ದಷ್ಟು ಹೊತ್ತು ಚಿತ್ರ ಅದ್ಭುತವಾಗಿ ಬರುತ್ತಿತ್ತಂತೆ. ಬಿಟ್ಟರೆ ಹೋಗುತ್ತಿತ್ತು. ಜೋಡಿಸುವವರನ್ನು ಮತ್ತೆ ಕರೆಸಿದೆವು.

ಬುಧವಾರ ಬಂತು. ಅದೇ ಚಾನೆಲ್ ಇಟ್ಟು, ಒಂದರಿಂದ ಒಂದೂವರೆಯವರೆಗೆ ಟೈಮರ್ ಹಾಕಿ, ಪೆಟ್ಟಿಗೆಗೊಂದು ಕೈ ಮುಗಿದು ಕಚೇರಿಗೆ ಹೋದೆ. ಸಂಜೆ ಭದ್ರಾವತಿಯಿಂದ ಅತ್ತೆ, ಸುಮಳ ತಮ್ಮ ಮಹೇಶ, ಅವನ ಹೆಂಡತಿ, ಸೆಲ್ವಿ ಎಲ್ಲ ಬಂದರು. ಅಲ್ಲಿ ಮಧ್ಯಾಹ್ನ ಲೈನ್ ರಿಪೇರಿಗೆಂದು ಕರೆಂಟ್ ತೆಗೆದಿದ್ದರಿಂದ ಅವರ್‍ಯಾರೂ ಕಾರ್ಯಕ್ರಮ ನೋಡಿರಲಿಲ್ಲ. ಇಡೀ ಕುಟುಂಬದ ಭಾರ ನನ್ನ ಪೆಟ್ಟಿಗೆಯ ಮೇಲೆ ಬಿದ್ದಿತ್ತು.

ಹಾಕಿದೆ. ಒಬ್ಬ ರಾಜಕಾರಣಿ ಮೈಕುಗಳ ಹಿಂದೆ ಕೂತು ಮಾತಾಡುತ್ತಿದ್ದರು. ನೇರಪ್ರಸಾರವಂತೆ. ಮುಗಿಯುತ್ತದೆ ಎಂದು ಕಾದೆವು. ಅವರಿಗೆ ಮುಗಿಸುವ ಉದ್ದೇಶವೇ ಇದ್ದಂತಿರಲಿಲ್ಲ. ಅಂತೂ ಅವರು ಎದ್ದು ಹೋಗಿ ಜಾಹೀರಾತುಗಳು ಬಂದು, ಅಡುಗೆ ಕಾರ್ಯಕ್ರಮದ ಹಾಡು ಬಂತು. ಭದ್ರಾವತಿಯ ಬೀದಿ ಬಂತು. ಬಾಗಿಲು ತೆರೆಯಿತು. ರೇಷ್ಮೆ ಸೀರೆಯುಟ್ಟ ಅತ್ತೆ ಕೈ ಮುಗಿದು, ನಮಸ್ಕಾರ ಎನ್ನಲು ಬಾಯಿ ತೆರೆದರು. ಅಷ್ಟಕ್ಕೆ ಒಂದೂವರೆಯಾಯಿತು.

ತೆರೆದ ಬಾಯಿ ಹಾಗೇ ನಿಂತು, ಅದರ ಮೇಲೆ "ರೆಕಾರ್ಡಿಂಗ್ ಮುಗಿದಿದೆ" ಎಂದು ಬಂತು.

ಮಹೇಶ ತನ್ನ ಹೆಂಡತಿಯ ಮುಖ ನೋಡಿದ. ಸುಮ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಡತೊಡಗಿದಳು. ಅತ್ತೆ ಮಾತ್ರ ಬಹಳ ಹಗುರಾದವರಂತೆ, ಇಷ್ಟೇ ಸಾಕು, ಸೀರೆ ಚೆನ್ನಾಗಿ ಕಂಡಿದೆ ಎಂದರು. ದೊಡ್ಡ ಮನಸ್ಸು ಎಂದರೆ ಇದೇ ಎಂದುಕೊಂಡೆ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು ಮರುದಿನವೇ ಚಾನೆಲ್‌ಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮಾಡುತ್ತಲೇ ಇದ್ದೆ. ಸಾಕಾಗಿ ಒಬ್ಬರು ಎತ್ತಿ, ಭಾನುವಾರ ಬೆಳಿಗ್ಗೆ ಮರುಪ್ರಸಾರ ಇದೆ, ದಯವಿಟ್ಟು ಇನ್ನು ಫೋನ್ ಮಾಡಬೇಡಿ ಎಂದರು.

ಈ ಸಲ ಯಾವ ಲೋಪಕ್ಕೂ ಅವಕಾಶ ಕೊಡಬಾರದೆಂದು ತೀರ್ಮಾನಿಸಿದೆ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ರೆಕಾರ್ಡ್ ಆಗುವಂತೆ ಇಟ್ಟೆ. ಟಿವಿಯನ್ನೂ ಪೆಟ್ಟಿಗೆಯನ್ನೂ ಇನ್ವರ್ಟರ್‌ಗೆ ಸೇರಿಸಿದೆ. ಉಳಿದಿದ್ದು ಮಂಗಗಳು. ನಮ್ಮ ಗುಡ್ಡದ ಮಂಗಗಳಿಗೆ ಬೆಳಗಿನ ಬಿಸಿಲು ಕಾಯಿಸಲು ಡಿಶ್ ಬಹಳ ಪ್ರಶಸ್ತವಾದ ಜಾಗ. ಆದ್ದರಿಂದ ಕಾರ್ಯಕ್ರಮ ನೋಡುವ ಆಸೆಯನ್ನೂ ಬಿಟ್ಟು, ಒಂದು ಕೋಲು ಹಿಡಿದು ತಾರಸಿಯ ಮೇಲೆ ಡಿಶ್ ಪಕ್ಕದಲ್ಲಿ ಕಾವಲು ಕೂತೆ. ಸುಮ ಕೆಳಗೆ ಟಿವಿ ಮುಂದೆ ಕೂತಳು.

ಒಂದು ದೊಡ್ಡ ಗಡವ ಬಂದು ನೀರಿನ ಟ್ಯಾಂಕಿನ ಮೇಲೆ ಕೂತು ನನ್ನನ್ನೇ ನೋಡಿತು. ನಾನೂ ನೋಡಿದೆ. ಇಬ್ಬರೂ ಕದಲಲಿಲ್ಲ. ಕೊನೆಗೆ ಅದೇ ಎದ್ದು ರುದ್ರಪ್ಪನವರ ಮನೆ ಕಡೆ ಹೋಯಿತು.

ಕಾರ್ಯಕ್ರಮ ಮುಗಿದ ಮೇಲೆ ಸುಮ ಮೇಲೆ ಬಂದಳು. ಕಣ್ಣು ಒದ್ದೆಯಾಗಿತ್ತು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತಾಯಿಯನ್ನು ಟಿವಿಯಲ್ಲಿ ಕಂಡ ಮಗಳ ಸಂತೋಷ ನೋಡಿ ನಾನು ಕೋಲು ಕೆಳಗಿಟ್ಟೆ.

"ಪೂರ್ತಿ ಆಗಿದೆಯಾ?" ಎಂದು ಕೇಳಿದೆ.

"ಒಂದು ಮಾತೂ ಬಿಟ್ಟಿಲ್ಲ ರೀ" ಎಂದಳು. "ನೀವು ಈಗ್ಲೇ ನೋಡಬೇಡಿ. ಎಲ್ಲರ ಜೊತೆ ನೋಡಿ."

ಸಂಜೆಗೆ ಎಲ್ಲರನ್ನೂ ಕರೆದೆ. ಭದ್ರಾವತಿಯವರ ಜೊತೆ ನಾಗರಾಜನನ್ನು, ರುದ್ರಪ್ಪನವರ ಮನೆಯವರನ್ನು, ಡಿಶ್ ತಿರುಗಿಸಲು ಸಲಹೆ ಕೊಟ್ಟ ಬೀದಿಯವರನ್ನೂ. ಅತ್ತೆ ತಲೆನೋವು ಎಂದು ಬರಲು ಒಪ್ಪಲಿಲ್ಲ. ನಾನೇ ಕಾರು ಮಾಡಿಕೊಂಡು ಹೋಗಿ ಕರೆತಂದೆ. ಮುಂದಿನ ಸಾಲಿನಲ್ಲಿ ಕೂರಿಸಿದೆ. ಸೇರಿದ್ದವರನ್ನು ಉದ್ದೇಶಿಸಿ ಈ ಪೆಟ್ಟಿಗೆಯ ಆಯ್ಕೆಯ ಬಗ್ಗೆ ಎರಡು ಮಾತನ್ನೂ ಆಡಿದೆ.

ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಅತ್ತೆ ಹುರುಳಿ ಬೇಯಿಸಿದರು, ಕಟ್ಟು ಬಸಿದರು, ಖಾರ ರುಬ್ಬಿದರು. ನಿರೂಪಕಿ, ನಿಮ್ಮ ಅಡುಗೆಯನ್ನು ಮನೆಯಲ್ಲಿ ಯಾರು ಹೆಚ್ಚು ಮೆಚ್ಚುತ್ತಾರೆ ಎಂದು ಕೇಳಿದಳು.

"ನಮ್ಮ ಅಳಿಯಂದ್ರು" ಎಂದರು ಟಿವಿಯೊಳಗಿನ ಅತ್ತೆ. ನಾನು ನೆಟ್ಟಗೆ ಕೂತೆ. "ಬಹಳ ಒಳ್ಳೆಯವರು. ಏನು ಬಡಿಸಿದ್ರೂ ಚೆನ್ನಾಗಿದೆ ಅಂತಾರೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟದ ಹೊತ್ತು ಮೀರಿ ಬಂದ್ರು. ನಾನು ಹಿತ್ತಲಲ್ಲಿದ್ದೆ. ಖಾಲಿ ಸಾರಿನ ಪಾತ್ರೆಗೆ ತೊಳೆಯೋಣ ಅಂತ ನೀರು ಹಾಕಿ ನೆನೆಸಿಟ್ಟಿದ್ದೆ. ಅವರು ಅದನ್ನೇ ಅನ್ನಕ್ಕೆ ಹಾಕ್ಕೊಂಡು ಊಟ ಮಾಡಿ, ಮಿಕ್ಕಿದ್ದನ್ನ ಲೋಟಕ್ಕೆ ಬಗ್ಗಿಸಿ ಕುಡಿದು, ಅತ್ತೆ, ಇಂಥ ತಿಳಿಸಾರು ಎಲ್ಲೂ ತಿಂದಿಲ್ಲ ಅಂದ್ರು."

ನಿರೂಪಕಿ ಒಲೆ ಕಟ್ಟೆ ಹಿಡಿದುಕೊಂಡು ನಕ್ಕಳು. ಅವರಿಗೆ ಹೇಳಿದಿರಾ ಎಂದು ಕೇಳಿದಳು.

"ಹೇಗಮ್ಮ ಹೇಳೋದು, ಅಳಿಯಂದ್ರಿಗೆ? ಇವತ್ತಿನವರೆಗೂ ಹೇಳಿಲ್ಲ" ಎಂದು ಅತ್ತೆ ಇಡೀ ಕರ್ನಾಟಕಕ್ಕೆ ಹೇಳಿದರು. "ಅದಕ್ಕೇ ಅವರು ಚೆನ್ನಾಗಿದೆ ಅಂದ್ರೆ ನನಗೆ ಧೈರ್ಯ ಬರಲ್ಲ. ಪಕ್ಕದ ಮನೆ ಸೆಲ್ವಿಗೊಂದು ಸಲ ರುಚಿ ತೋರಿಸ್ತೀನಿ."

ಮೊದಲು ನಕ್ಕಿದ್ದು ನಾಗರಾಜ. ಆಮೇಲೆ ಯಾರು ಯಾರು ನಕ್ಕರು ಎಂದು ಬೇರೆ ಬೇರೆಯಾಗಿ ಹೇಳುವುದು ಕಷ್ಟ. ರುದ್ರಪ್ಪನವರು ಕೆಮ್ಮು ಬಂದು ಹೊರಗೆ ಹೋದರು. ನಾನು ಗಾಬರಿಯಲ್ಲಿ ರಿಮೋಟ್ ಎತ್ತಿಕೊಂಡು ನಿಲ್ಲಿಸುವ ಗುಂಡಿ ಒತ್ತಿದೆ. ಅದು ಹಿಂದಕ್ಕೆ ಹೋಗುವ ಗುಂಡಿಯಾಗಿತ್ತು. "ನಮ್ಮ ಅಳಿಯಂದ್ರು" ಎಂದು ಅತ್ತೆ ಮತ್ತೆ ಶುರು ಮಾಡಿದರು.

ಮುಂದಿನ ಸಾಲಿನಲ್ಲಿದ್ದ ಅತ್ತೆ ತಲೆ ಎತ್ತಲೇ ಇಲ್ಲ. "ಅದಕ್ಕೇ ಬೇಡ ಬೇಡ ಅಂದೆ ಅಳಿಯಂದ್ರೆ" ಎಂದರು ಮೆಲ್ಲಗೆ. "ಅವಳು ಕೇಳಿದಳು, ಬಾಯಿಗೆ ಬಂದುಬಿಡ್ತು."

ನಾನು ಗಂಭೀರವಾಗಿಯೇ ಹೇಳಿದೆ: "ಅತ್ತೆ, ಅದು ನಿಜವಾಗ್ಲೂ ಚೆನ್ನಾಗಿತ್ತು."

ಆಗ ಅತ್ತೆಯೂ ನಕ್ಕುಬಿಟ್ಟರು. ಅವರು ಅಷ್ಟು ಬಾಯ್ತುಂಬ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಸುಮ ತಾಯಿಯ ಹೆಗಲಿಗೆ ತಲೆಯಿಟ್ಟು ಮತ್ತೆ ಕಣ್ಣೊರೆಸಿಕೊಂಡಳು. ಬೆಳಿಗ್ಗೆ ತಾರಸಿಯ ಮೇಲೆ ಕಂಡದ್ದು ಎಂಥ ಕಣ್ಣೀರು ಎಂದು ನನಗೆ ಅರ್ಥವಾಯಿತು.

ಆ ಪೆಟ್ಟಿಗೆಯಲ್ಲಿ ನೂರಾರು ಗಂಟೆಯ ಜಾಗವಿದೆ. ಅದರೊಳಗೆ ಇವತ್ತಿಗೂ ಇರುವುದು ಇದೊಂದೇ ಕಾರ್ಯಕ್ರಮ. ಅಳಿಸುವ ಪ್ರಸ್ತಾವನೆಯನ್ನು ಎರಡು ಬಾರಿ ಮಂಡಿಸಿದೆ, ಮನೆಯಲ್ಲಿ ತಿರಸ್ಕೃತವಾಯಿತು. ಯಾವ ನೆಂಟರು ಬಂದರೂ ಕೈಕಾಲು ತೊಳೆದು ಕೂತ ತಕ್ಷಣ ಗಿರಿಜಮ್ಮನವರ ಸಾರು ಹಾಕಿ ಎನ್ನುತ್ತಾರೆ. ಅಷ್ಟು ಗುಂಡಿಗಳಿರುವ ಆ ರಿಮೋಟ್ ನಡೆಸಲು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಹೀಗಾಗಿ ನಾನೇ ಎದ್ದು ಹೋಗಿ ಹಾಕುತ್ತೇನೆ.