ನಕ್ಷತ್ರ ನುಂಗಿದ ಹೆಸರುಗಳು

ಸೋಮಾರಿತನವನ್ನೂ ಶ್ರದ್ಧೆಯಿಂದ ಮಾಡುವವರು ಕೆಲವರಿದ್ದಾರೆ. ಆ ಪೈಕಿ ನಾನೊಬ್ಬ. ಹತ್ತು ನಿಮಿಷ ಕೈಯಲ್ಲೇ ಮಾಡಿ ಏಳಬಹುದಾದ ಕೆಲಸವನ್ನು ಕಂಪ್ಯೂಟರಿನಿಂದಲೇ ಮಾಡಿಸಬೇಕೆಂದು ಎರಡು ಗಂಟೆ ಕೂರುತ್ತೇನೆ. ಇದಕ್ಕೆಲ್ಲ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ವಿದ್ಯೆಯೇ ಕಾರಣ. ಟೆಕ್ಸ್ಟ್ ಎಡಿಟರಿನಲ್ಲಿ ಮಾಮೂಲಿ ಮನುಷ್ಯರು ‘ರಾಮಣ್ಣ’ ಎಂದು ಬರೆದು ರಾಮಣ್ಣನನ್ನು ಹುಡುಕುತ್ತಾರೆ. ಈ ವಿದ್ಯೆ ಬಲ್ಲವರು ಹೆಸರು ಹೇಳುವುದಿಲ್ಲ, ಲಕ್ಷಣ ಹೇಳುತ್ತಾರೆ. ಚುಕ್ಕಿ ಇಟ್ಟರೆ ‘ಯಾವ ಅಕ್ಷರವಾದರೂ ಸರಿ’ ಎಂದು, ಅದರ ಪಕ್ಕ ನಕ್ಷತ್ರ ಇಟ್ಟರೆ ‘ಎಷ್ಟಿದ್ದರೂ ಸರಿ’ ಎಂದು. ಶಿವಮೊಗ್ಗದ ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಗೆ ಒಮ್ಮೆ ಬಂದ ಹೆಂಡತಿ ಸುಮಾ ಪರದೆ ನೋಡಿ, “ಕೀಬೋರ್ಡ್ ಮೇಲೆ ಜಿರಲೆ ಏನಾದ್ರೂ ಓಡಾಡ್ತಾ?” ಅಂದಿದ್ದಳು. ವಿದ್ಯೆಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎಂದುಕೊಂಡು ಇನ್ನೊಂದು ನಕ್ಷತ್ರ ಒತ್ತಿದೆ.

ನನ್ನ ಮಾವ ಭದ್ರಾವತಿಯ ನ್ಯೂ ಟೌನಿನಲ್ಲಿ ನಿವೃತ್ತ ಕಾರ್ಮಿಕರ ಒಂದು ಸಂಘಕ್ಕೆ ಕಾರ್ಯದರ್ಶಿ. ಸಂಘದ ಸದಸ್ಯರ ಪುಸ್ತಕದಲ್ಲಿ ಯಾವಾಗಲೂ ‘ರಾಮಣ್ಣ ಮತ್ತು ಶ್ರೀಮತಿ’ ಎಂದೇ ಅಚ್ಚಾಗುತ್ತಿತ್ತು. ಈ ಸಲ ಅತ್ತೆ ಕಮಲಮ್ಮ ಹಟ ಹಿಡಿದರು. “ಶ್ರೀಮತಿ ಅನ್ನೋದು ಯಾರ ಹೆಸರ್ರೀ? ಇಷ್ಟು ವರ್ಷ ಸಂಘದ ಉಪ್ಪಿಟ್ಟು ಕೆದಕಿದ್ದೀವಿ, ಒಂದು ಸಲನಾದ್ರೂ ನಮ್ಮ ಹೆಸರು ಬರ್ಲಿ” ಎಂದು ಗಂಡನಿಗೆ ಹೇಳಿದವರೇ, ಮಂಡಿನೋವಿನಲ್ಲೂ ಮನೆಮನೆ ಹತ್ತಿಳಿದು ಹೆಸರು ಬರೆದುಕೊಂಡು ಬಂದರು. ಗಿರಿಜಮ್ಮಂದಿರೇ ಆರು ಜನ ಸಿಕ್ಕಿದ್ದರಿಂದ ಎಲ್ಲರ ಹೆಸರಿನ ಮುಂದೂ ತವರೂರನ್ನು ಬ್ರಾಕೆಟ್ಟಿನಲ್ಲಿ ಹಾಕಿದರು. ಗಂಡಸರಿಗೆ ಮೊದಲಿಂದಲೂ ಬ್ರಾಕೆಟ್ಟಿತ್ತು. ಫ್ಯಾಕ್ಟರಿಯಲ್ಲಿ ಮಾಡಿದ ಕೆಲಸವೇ ಅವರ ಅಡ್ಡಹೆಸರು. ಹೀಗೆ ‘ರಾಮಣ್ಣ (ಫೌಂಡ್ರಿ) ಮತ್ತು ಗಿರಿಜಮ್ಮ (ಕುಂಸಿ)’, ‘ಮುನಿಸ್ವಾಮಿ (ಕ್ರೇನ್) ಮತ್ತು ಸೆಲ್ವಿ (ಸೇಲಂ)’ ಎಂದು ಇನ್ನೂರು ಚಿಲ್ಲರೆ ಜೋಡಿಗಳನ್ನು ನನ್ನ ಅಂಗಡಿಯಲ್ಲಿ ಟೈಪ್ ಮಾಡಿದ್ದಾಯಿತು.

ಅಚ್ಚಿಗೆ ಕಳಿಸುವ ಹೊತ್ತಿಗೆ ಮಾವನ ಫೋನು. “ಪುಸ್ತಕದಲ್ಲಿ ಫೌಂಡ್ರಿ, ಕ್ರೇನ್ ಅಂತೆಲ್ಲ ಚೆನ್ನಾಗಿರಲ್ಲ ಅಂತಾರೆ ಅಧ್ಯಕ್ಷರು. ಬ್ರಾಕೆಟ್ ಎಲ್ಲಾ ತೆಗೆದುಬಿಡಿ.” ಇಂಥ ಅವಕಾಶಕ್ಕೇ ನಾನು ಕಾದಿದ್ದು. ಬ್ರಾಕೆಟ್ ತೆರೆದಲ್ಲಿಂದ ಮುಚ್ಚುವ ತನಕ ಏನಿದ್ದರೂ, ಎಷ್ಟಿದ್ದರೂ ತೆಗೆದುಹಾಕು ಎಂದು ಚುಕ್ಕಿ, ನಕ್ಷತ್ರ ಜೋಡಿಸಿ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರಲ್ಲಿ ಬ್ರಾಕೆಟ್ಟುಗಳೆಲ್ಲ ಮಾಯ. ಮಾವ ಅಂಗಡಿಗೇ ಬಂದು ಪ್ರೂಫ್ ನೋಡಿದರು. ಅವರು ಎರಡು ಸಲ ಓದಿದರು, ನಾನು ಎರಡು ಸಲ ಓದಿದೆ. “ಎಷ್ಟು ಅಚ್ಚುಕಟ್ಟಾಗಿದೆ ಮಾರಾಯ್ರೇ! ನಾಲ್ಕು ಪುಟಾನೂ ಕಮ್ಮಿ ಆಯ್ತಲ್ಲ” ಎಂದು ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ಭಾನುವಾರ ಸಂಘದ ಸಭೆಗೆ ನಾನೂ ಸುಮಾಳೂ ಹೋಗಿದ್ದೆವು. ಅಲ್ಲಿ ಪುಸ್ತಕ ಹಂಚಿದರು. ಅತ್ತೆ ಕನ್ನಡಕ ಏರಿಸಿ ಪುಟ ತೆರೆದರು. ರಾಮಣ್ಣ ಇದ್ದರು, ಗಿರಿಜಮ್ಮ ಇರಲಿಲ್ಲ. ಮುನಿಸ್ವಾಮಿ ಇದ್ದರು, ಸೆಲ್ವಿ ಇರಲಿಲ್ಲ. ಮಾವ ಇದ್ದರು, ಅತ್ತೆಯೇ ಇರಲಿಲ್ಲ. “ಹೋದ ಸಲ ಶ್ರೀಮತಿಯಾದ್ರೂ ಆಗಿದ್ವಿ ಕಮಲಮ್ಮಾ, ಈ ಸಲ ಗಂಡಸ್ರನ್ನೆಲ್ಲ ಬ್ರಹ್ಮಚಾರಿ ಮಾಡಿಬಿಟ್ರಲ್ಲ!” ಎಂದು ಕುಂಸಿಯ ಗಿರಿಜಮ್ಮ ನಕ್ಕರು. ಅತ್ತೆ ನಗಲಿಲ್ಲ.

ಆಗ ನನಗೆ ಹೊಳೆಯಿತು. ಈ ನಕ್ಷತ್ರ ಮಹಾ ಹೊಟ್ಟೆಬಾಕ. ಮುಚ್ಚಿದ ಮೊದಲ ಬ್ರಾಕೆಟ್ಟಿಗೆ ನಿಲ್ಲುವುದಿಲ್ಲ. ಸಾಲಿನ ಕಟ್ಟಕಡೆಯ ಬ್ರಾಕೆಟ್ಟಿನವರೆಗೂ ತಿನ್ನುತ್ತಾ ಹೋಗುತ್ತದೆ. ಫೌಂಡ್ರಿಯಲ್ಲಿ ಹೊರಟದ್ದು ನಡುವೆ ಗಿರಿಜಮ್ಮನನ್ನು ನುಂಗಿ ಕುಂಸಿಯಲ್ಲಿ ನಿಂತಿತ್ತು. ನಕ್ಷತ್ರದ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಮೊದಲನೆಯದಕ್ಕೇ ನಿಲ್ಲುತ್ತಿತ್ತು. ಇಷ್ಟನ್ನೂ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಕಣ್ಣಂಚು ಒದ್ದೆಯಾಗಿತ್ತು, ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

“ಅಳಿಯಂದ್ರೇ, ನಕ್ಷತ್ರ ನುಂಗ್ತು, ಒಪ್ಕೊಂಡೆ. ಅದಕ್ಕೆ ನಾವ್ಯಾರು ಅಂತ ಗೊತ್ತಿಲ್ಲ. ನೀವೂ ನಿಮ್ಮ ಮಾವಾನೂ ಎರಡೆರಡು ಸಲ ಓದಿದ್ರಲ್ಲ, ಒಬ್ಬ ಹೆಂಗಸೂ ಕಾಣ್ತಿಲ್ಲ ಅಂತ ಅನ್ನಿಸ್ಲೇ ಇಲ್ವಾ?”

ಮಾವ ಕಿಟಕಿಯಾಚೆ ಏನನ್ನೋ ನೋಡತೊಡಗಿದರು. ನನಗೆ ನೋಡಲು ಕಿಟಕಿಯೂ ಇರಲಿಲ್ಲ. ಹೊಸ ಪುಸ್ತಕ ಅಚ್ಚುಹಾಕಿಸಿಕೊಡುವುದಾಗಿ ಒಪ್ಪಿಕೊಂಡು, ಸದ್ಯಕ್ಕೆ ಪೆನ್ನು ಹಿಡಿದು ಕೂತೆ. ಒಬ್ಬೊಬ್ಬರೇ ಸಾಲಾಗಿ ಬಂದು ಹೆಸರು, ತವರೂರು ಹೇಳಿ ತಮ್ಮ ತಮ್ಮ ಪುಸ್ತಕದಲ್ಲಿ ಬರೆಸಿಕೊಂಡರು. ಅತ್ತೆ ಮಾತ್ರ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ತಾವೇ ಬರೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಸುಮ್ಮನೆ ಒಂದು ಲೆಕ್ಕ ಹಾಕಿದೆ. ನನ್ನ ಅಂಗಡಿಯ ಎಡಕ್ಕೆ ಜೆರಾಕ್ಸ್ ಮಂಜಣ್ಣ, ಬಲಕ್ಕೆ ಟೈಲರ್ ಇಬ್ರಾಹಿಂ ಸಾಬ್. ಇಬ್ಬರ ಮನೆಯಲ್ಲೂ ಹಬ್ಬಕ್ಕೆ ತಪ್ಪದೆ ಉಂಡಿದ್ದೇನೆ. ಬಡಿಸಿದವರ ಹೆಸರೇನು? ಭದ್ರೆಯ ಸೇತುವೆ ದಾಟಿದರೂ ನೆನಪಿಗೆ ಬರಲಿಲ್ಲ. ಪಕ್ಕದಲ್ಲೇ ಕೂತಿದ್ದ ಸುಮಾಳನ್ನು ಕೇಳಿದ್ದರೆ ತಕ್ಷಣ ಹೇಳುತ್ತಿದ್ದಳು. ಆದರೆ ‘ಯಾಕೆ?’ ಎಂದೂ ಕೇಳುತ್ತಿದ್ದಳು. ಶಿವಮೊಗ್ಗ ಬರುವವರೆಗೂ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.