ಶಿವರುದ್ರಮ್ಮ ಲೆಫ್ಟ್

ತಂತಿಯಲ್ಲಿ ಇದ್ದದ್ದು ಎರಡೇ ಮಾತು. ಒಂದು ಹೆಂಡತಿಯ ಹೆಸರು, ಇನ್ನೊಂದು ಇಂಗ್ಲಿಷು. ಹೆಂಡತಿಯ ಹೆಸರು ಮರುಳಸಿದ್ದಯ್ಯನಿಗೆ ಅರ್ಥವಾಯಿತು.

'ಶಿವರುದ್ರಮ್ಮ ಲೆಫ್ಟ್.' ಕೆಳಗೆ ದಾವಣಗೆರೆಯಲ್ಲಿದ್ದ ಅವಳ ಅಣ್ಣ ವೀರಭದ್ರಯ್ಯನ ಹೆಸರು. ವೀರಭದ್ರಯ್ಯ ಎದುರಿಗೆ ಕೂತಾಗಲೂ ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ. ತಂತಿಯಲ್ಲಿ ಮೂರನೆಯದನ್ನು ಕೇಳುವಂತಿರಲಿಲ್ಲ.

ಮರುಳಸಿದ್ದಯ್ಯ ತುರುವೇಕೆರೆ ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವವನು. ಅವನ ಊರಾದ ದಂಡಿನಶಿವರದಲ್ಲಿ ಅವನನ್ನು ಅರ್ಜಿ ಮರುಳಸಿದ್ದಯ್ಯ ಅಂತಲೇ ಕರೆಯುತ್ತಿದ್ದರು. ಒಂದು ಮಾತಿನ ಅರ್ಥ ಖಚಿತವಾಗದೆ ಅವನು ಪೆನ್ನು ಎತ್ತುತ್ತಿರಲಿಲ್ಲ. ಕಚೇರಿಯ ಮುಂದೆ ಇದು ಒಳ್ಳೆಯ ಗುಣವೇ, ಆದರೆ ಇದರಿಂದಲೇ ಅವನ ಸಂಸಾರ ಕೆಟ್ಟಿತು. ಎಂಟು ತಿಂಗಳ ಹಿಂದೆ ಶಿವರುದ್ರಮ್ಮ ಜ್ವರದಲ್ಲಿ ಮಲಗಿದ್ದಳು. ಔಷಧಿ ಬಾಟಲಿಯ ಮೇಲಿನ ಇಂಗ್ಲಿಷಿನ ಅರ್ಥ ತಿಳಿಯದೆ ಒಂದು ಚಮಚವನ್ನೂ ಕುಡಿಸಲಾರೆ ಅಂತ ಇವನು ಎರಡು ದಿನ ನಿಘಂಟು ತಿರುವುತ್ತ ಕೂತ. ಮೂರನೆಯ ದಿನ ಜ್ವರ ತಾನಾಗಿ ಇಳಿಯಿತು. ನಾಲ್ಕನೆಯ ದಿನ ಅವಳು ಅಣ್ಣನ ಮನೆಗೆ ಹೊರಟುಹೋದಳು. ಬಾಟಲಿಯ ಮೇಲೆ ಇದ್ದದ್ದು 'ಚೆನ್ನಾಗಿ ಅಲ್ಲಾಡಿಸಿ ಕುಡಿಯಿರಿ' ಅಂತ, ಅಷ್ಟೇ.

ಆ ನಿಘಂಟಿನದೂ ಒಂದು ಗುಟ್ಟು. ತಿಪಟೂರಿಗೆ ರಷ್ಯಾದ ಪುಸ್ತಕ ತುಂಬಿಕೊಂಡು ಒಂದು ವ್ಯಾನು ಬಂದಿದ್ದಾಗ, ಇಟ್ಟಿಗೆ ದಪ್ಪದ ಪುಸ್ತಕ ನಾಲ್ಕು ತೆಂಗಿನಕಾಯಿಯ ಬೆಲೆಗೆ ಸಿಕ್ಕಿತು ಅಂತ ಹಿಗ್ಗಿ ತಂದಿದ್ದ. ಮನೆಗೆ ಬಂದು ಸರಿಯಾಗಿ ನೋಡಿದರೆ ಮಾತೆಲ್ಲ ಇಂಗ್ಲಿಷು, ಅರ್ಥವೆಲ್ಲ ರಷ್ಯನ್ನು. ಊರವರಿಗೆ ಹೇಳಲು ನಾಚಿಕೆ. ಹಳೆಯ ಪತ್ರಿಕೆಯ ಹೊದಿಕೆ ಹಾಕಿ ಇಟ್ಟುಕೊಂಡ.

ಹೆಂಡತಿ ಇಲ್ಲದ ಎಂಟು ತಿಂಗಳಲ್ಲಿ ಅವನು ಬಡಕಲಾದ. ಸಂಜೆ ಒಲೆ ಹಚ್ಚಲು ಬೇಸರವಾಗಿ ಬರೀ ಕೊಬ್ಬರಿ ಬೆಲ್ಲ ತಿಂದು ಮಲಗಿದ್ದೂ ಉಂಟು. ಹೋದ ವಾರ ಹತ್ತಾರು ಹಾಳೆ ಹರಿದು ಹಾಕಿ, ಕೊನೆಗೆ 'ಬಾ' ಅನ್ನುವ ಒಂದೇ ಮಾತು ಬರೆದು ದಾವಣಗೆರೆಗೆ ಕಾಗದ ಹಾಕಿದ್ದ. ಅದಕ್ಕೆ ಉತ್ತರವಾಗಿ ಈ ಭಾನುವಾರ ಬೆಳಿಗ್ಗೆ ಬಂದದ್ದು ಈ ತಂತಿ. ಇಂಗ್ಲಿಷು ಬಲ್ಲ ಮೇಷ್ಟ್ರು, ಗುಮಾಸ್ತರೆಲ್ಲ ರಜಕ್ಕೆ ತಮ್ಮ ತಮ್ಮ ಊರಿಗೆ ಹೋಗಿದ್ದರು.

ಎದುರು ಹೋಟೆಲಿನ ಈರಣ್ಣ ಕೈ ಒರೆಸಿಕೊಂಡು ಬಂದ. ಅವನು ಹೋಂಗಾರ್ಡಿನಲ್ಲಿ ಆರು ತಿಂಗಳು ಕವಾಯತು ಮಾಡಿದವನು.

"ಇದ್ರಲ್ಲೇನ್ಲಾ ಕಷ್ಟ? ಲೆಫ್ಟು ಅಂದ್ರೆ ಎಡ. ಲೆಫ್ಟ್ ರೈಟ್, ಲೆಫ್ಟ್ ರೈಟ್!" ಅಂತ ಅಂಗಳದಲ್ಲೇ ನಾಲ್ಕು ಹೆಜ್ಜೆ ಹಾಕಿ ತೋರಿಸಿದ.

"ಶಿವರುದ್ರಮ್ಮ ಎಡ ಅಂದ್ರೇನ್ಲಾ?"

ಇಬ್ಬರೂ ಯೋಚಿಸುತ್ತಿರುವಾಗ ಪಕ್ಕದ ಮನೆಯ ಪುಟ್ಟಗೌರಮ್ಮ ಬೇಲಿಯ ಆಚೆಯಿಂದಲೇ ಕೂಗಿದಳು. "ಅಯ್ಯೋ ನನ್ನ ಶಿವನೇ! ಎಡಭಾಗ ಬಿದ್ದೋಗೈತೆ ಕಣಪ್ಪ! ಲಕ್ವ! ನಮ್ಮತ್ತೆಗೂ ಎಡದ್ದೇ ಬಡ್ದಿದ್ದು!"

ಮರುಳಸಿದ್ದಯ್ಯ ಹೊರಡಲು ಚಪ್ಪಲಿ ಮೆಟ್ಟಿದ. ಆದರೂ ಗುಣ ಬಿಡಲಿಲ್ಲ. "ತಡಿಯವ್ವ. ಲೀವ್ ಅನ್ನೋದಕ್ಕೂ ಭೂತಕಾಲದಲ್ಲಿ ಲೆಫ್ಟ್ ಅಂತಾರೆ. ಮಿಡ್ಲ್‌ಸ್ಕೂಲಲ್ಲಿ ಉರು ಹೊಡೆದಿದ್ದೀನಿ."

"ಲೀವು ಅಂದ್ರೆ ರಜ ಅಲ್ವೇನ್ಲಾ?" ಅಂದ ಈರಣ್ಣ. "ಶಿವರುದ್ರಮ್ಮಂಗೆ ಯಾವ ಆಪೀಸು ರಜ ಕೊಡ್ತದೆ?"

"ರಜ ಅಲ್ಲ. ಬಿಡೋದು. ಬಿಟ್ಟಳು ಅಂತ."

"ಬುಟ್ಲು ಅಂದ್ರೆ ಏನ ಬುಟ್ಲು?" ಪುಟ್ಟಗೌರಮ್ಮ ಬೇಲಿ ದಾಟಿ ಬಂದಳು.

"ಅದು ಬರೆದಿಲ್ಲ."

ಪುಟ್ಟಗೌರಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ಊರು ಬುಟ್ಟಿದ್ಲು. ಮನೆ ಬುಟ್ಟಿದ್ಲು. ನಿನ್ನೂ ಬುಟ್ಟಿದ್ಲು. ಇನ್ನೇನ್ ಉಳ್ದಿತ್ತಪ್ಪ ಅವ್ಳತ್ರ ಬುಡೋಕೆ? ಪ್ರಾಣ ಬುಟ್ಲು ಕಣಪ್ಪ, ಪ್ರಾಣ!"

ಅಷ್ಟು ಹೇಳಿ ಎದೆ ಬಡಿದುಕೊಂಡು ಗೋಳೋ ಅಂತ ಅತ್ತಳು. ಪುಟ್ಟಗೌರಮ್ಮನ ಅಳು ಊರ ಗಂಟೆ ಇದ್ದಹಾಗೆ, ಒಮ್ಮೆ ಬಾರಿಸಿದರೆ ಮೂರು ಬೀದಿಗೆ ಕೇಳುತ್ತಿತ್ತು. ಹೆಂಗಸರು ಬಂದರು, ಅಂಗಳದಲ್ಲಿ ಕೂತರು. ಎಂಟು ತಿಂಗಳಿಂದ ಶಿವರುದ್ರಮ್ಮನನ್ನು ಗಂಡನ್ನ ಬಿಟ್ಟವಳು ಅಂತ ಆಡಿಕೊಂಡಿದ್ದ ಬಾಯಿಗಳೇ ಅವಳಂಥ ಹೆಂಗಸು ಇರಲಿಲ್ಲ ಅಂತ ಹಾಡಿ ಅತ್ತವು. ಮರುಳಸಿದ್ದಯ್ಯ ನಡುವೆ ಕಂಬದ ಹಾಗೆ ನಿಂತಿದ್ದ. ಅವಳು ಇಲ್ಲದ ಲೋಕದಲ್ಲಿ ಒಂದು ದಿನವೂ ಇರಲಾರೆ ಅನ್ನುವುದು ಅವನಿಗೆ ಆಗಲೇ ಮೊದಲ ಬಾರಿಗೆ ತಿಳಿದದ್ದು.

"ನಿಂತ್ಕೊಂಡ್ ಏನ್ ನೋಡ್ತೀಯ? ದಾವಣಗೆರೆ ರೈಲು ಹತ್ಲಾ!" ಈರಣ್ಣ ಗದರಿದ.

"ಹತ್ತೀನಿ ಕಣೋ. ಹೋಗಿ ಏನಂತ ಅಳ್ಲಿ? ಸತ್ತಿದ್ರೆ ಒಂದು ಅಳು, ಲಕ್ವ ಆದ್ರೆ ಒಂದು ಅಳು. ಬರೀ ನನ್ನ ಬಿಟ್ಟಿದ್ರೆ ಅಳೋ ಹಕ್ಕೂ ಇಲ್ಲ. ತಿಪಟೂರಲ್ಲಿ ಈ ಪುಸ್ತಕ ಓದಬಲ್ಲೋರು ಬಸವರಾಜಪ್ಪ ಅಂತ ಒಬ್ರವ್ರೆ. ಅರ್ಥ ತಿಳ್ಕಂಡೇ ಬತ್ತೀನಿ."

ನಿಘಂಟು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಅತ್ತ. ಕಂಡಕ್ಟರು ಟಿಕೆಟ್ಟು ಕೇಳದೆ ಮುಂದಿನ ಸೀಟಿಗೆ ಹೋದ.

ಬಸವರಾಜಪ್ಪ ಉತ್ತರದ ಕಡೆಯ ಯಾವುದೋ ಉಕ್ಕಿನ ಕಾರ್ಖಾನೆಯಲ್ಲಿ ರಷ್ಯಾದ ಇಂಜಿನಿಯರುಗಳ ಕೈಕೆಳಗೆ ಹನ್ನೆರಡು ವರ್ಷ ಫಿಟ್ಟರಾಗಿದ್ದು, ಈಗ ತಿಪಟೂರಿನಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ ಮುದುಕ. ಎಣ್ಣೆಯ ಕೈಯಲ್ಲೇ ಪುಸ್ತಕ ಬಿಡಿಸಿ ಲೀವ್ ಹುಡುಕಿದ. ಅರ್ಧ ಪುಟ ತುಂಬ ಅರ್ಥಗಳಿದ್ದವು.

"ನೋಡಪ್ಪ, ರಷ್ಯದೋರು ನಮ್ಮಂಗಲ್ಲ. ನಡ್ಕೊಂಡು ಬಿಟ್ರೆ ಉಯ್ತಿ. ಗಾಡೀಲಿ ಬಿಟ್ರೆ ಉಯೇಖತ್. ಕೊಡೆ ಮರೆತು ಬಿಟ್ರೆ ಅಸ್ತಾವಿತ್. ಬೇಡ ಅಂತ ಬಿಸಾಕಿ ಬಿಟ್ರೆ ಬ್ರೋಸಿತ್."

"ಸತ್ರೆ?"

"ಅದಕ್ಕೆ ಬೇರೆ ಮಾತೈತೆ. ಇಲ್ಲಿ ಬರೆದಿಲ್ಲ."

ಮರುಳಸಿದ್ದಯ್ಯನ ಜೀವ ಅರ್ಧ ಬಂತು. "ಹಂಗಾರೆ ನಮ್ಮವಳದ್ದು ಯಾವ್ದು? ಬಿಸಾಕಿದ್ದಾ?"

"ಬಿಸಾಕಿದೋಳು ತಂತಿ ಯಾಕ್ ಕೊಡಿಸ್ತಾಳೆ? ಬಿಸಾಕೋಕೆ ಸುಮ್ಮನಿದ್ರೆ ಸಾಕು. ದಾವಣಗೆರೆಯಿಂದ ಯಾರೂ ನಡ್ಕೊಂಡು ಬರಲ್ಲ. ಉಯೇಖತ್! ಗಾಡಿ ಹತ್ತಿ ಹೊರಟವ್ಳೆ. ನೀನು ಬಾ ಅಂದೆ, ಬತ್ತಾವ್ಳೆ." ಬಸವರಾಜಪ್ಪ ಪುಸ್ತಕ ಮುಚ್ಚಿದ. ಆಮೇಲೆ ನೆಲ ನೋಡುತ್ತ ಹೇಳಿದ. "ನಾನು ಅಲ್ಲಿದ್ದಾಗ ನನಗೂ ಹಿಂಗೇ ಒಂದು ತಂತಿ ಬಂತು. ಓದಿಸ್ಲೂ ಇಲ್ಲ, ಬಟ್ಟೆನೂ ಬದಲಾಯಿಸ್ಲಿಲ್ಲ, ರೈಲು ಹತ್ತಿದೆ. ಮಣ್ಣು ಮಾಡೋ ಹೊತ್ತಿಗೆ ಬಂದು ನನ್ನ ಹೆಂಡ್ತಿ ಮುಖ ನೋಡ್ದೆ. ಓದಿಸ್ತಾ ಕೂತಿದ್ರೆ ಅದೂ ಸಿಗ್ತಿರ್ಲಿಲ್ಲ."

ಆ ಮಾತು ಮರುಳಸಿದ್ದಯ್ಯನ ಕಿವಿಗೆ ಬಿತ್ತೋ ಇಲ್ಲವೋ. ಅವನು ಆಗಲೇ ಬೀದಿಯಲ್ಲಿದ್ದ. ಎರಡು ಮೊಳ ಮಲ್ಲಿಗೆ ಕೊಂಡ. ಬಸ್ಸಿನಲ್ಲಿ ಗೊತ್ತಿಲ್ಲದವರಿಗೆಲ್ಲ ಉಯೇಖತ್, ಉಯೇಖತ್ ಅಂತ ಹೇಳಿ ನಕ್ಕ. ಬಸ್ ಸ್ಟ್ಯಾಂಡಿನವರೆಗೆ ಕಾಯುವ ತಾಳ್ಮೆ ಇಲ್ಲದೆ ಊರಿಗೆ ಮೊದಲೇ ಇಳಿದು, ತೆಂಗಿನ ತೋಟದ ಅಡ್ಡದಾರಿ ಹಿಡಿದು ಮನೆಗೆ ಓಡಿದ.

ಅಂಗಳ ಖಾಲಿಯಾಗಿತ್ತು. ಜಗಲಿಯ ಮೇಲೆ ಪುಟ್ಟಗೌರಮ್ಮ ಒಬ್ಬಳೇ ಕೂತಿದ್ದಳು.

"ಅವ್ವ, ಸತ್ತಿಲ್ಲ! ಬತ್ತಾವ್ಳೆ!"

"ಬಂದಿದ್ಲು ಕಣಪ್ಪ," ಅಂದಳು ಪುಟ್ಟಗೌರಮ್ಮ. "ಮಧ್ಯಾಹ್ನ ನಾವೆಲ್ಲ ಅಳ್ತಾ ಕೂತಿದ್ವು. ಬ್ಯಾಗು ಹಿಡ್ಕಂಡು ಬಂದು ನಿಂತು, 'ಯಾರು ಹೋಗಿದ್ದು?' ಅಂತ ಕೇಳಿದ್ಲು. ಯಾರ್ ಹೇಳ್ತಾರೆ? ಆಮ್ಯಾಕೆ ನಾನೇ ಹೇಳ್ದೆ, ನೀನು ಸತ್ತೆ ಅಂತ ತಂತಿ ಬಂತು ಅಂತ. ಮೊದ್ಲು ನಕ್ಲು. ಆಮ್ಯಾಕೆ 'ಅವ್ರೆಲ್ಲಿ? ದಾವಣಗೆರೆಗೆ ಓಡೋದ್ರಾ?' ಅಂತ ಕೇಳಿದ್ಲು. ಏನ್ ಸಂತೋಷ ಕಣಪ್ಪ ಮುಖದಲ್ಲಿ! ಹೂಂ ಅನ್ನಾನ ಅಂತ ನಾನು ಬಾಯಿ ತೆಗ್ದೆ. ಅಷ್ಟ್ರಲ್ಲಿ ಈರಣ್ಣ, ತಿಪಟೂರಿಗೆ ಅರ್ಥ ಕೇಳೋಕೆ ಹೋದ ಅಂತ ಅಂದ್‌ಬುಟ್ಟ."

ಮರುಳಸಿದ್ದಯ್ಯ ನಿಘಂಟನ್ನು ಜಗಲಿಯ ಮೇಲೆ ಇಟ್ಟ.

"'ಸತ್ತೆ ಅಂತ ಕೇಳಿದ್ ಮ್ಯಾಕೂ ನೋಡೋಕೆ ಬರ್ಲಿಲ್ವಾ?' ಅಂದ್ಲು. ಅಷ್ಟೇ. ಬ್ಯಾಗ್ ಎತ್ಕಂಡು ಹೋದ್ಲು."

"ಹೋಗ್ತಾ ಏನಂದ್ಲು?"

"ಬಸ್ ಸ್ಟ್ಯಾಂಡಲ್ಲಿ ಕೂತವ್ಳೆ, ಓಡಪ್ಪ!"

"ತಡಿಯವ್ವ, ಸರಿಯಾಗಿ ಜ್ಞಾಪಿಸ್ಕೊ. 'ಹೋಯ್ತೀನಿ' ಅಂದ್ಲಾ, 'ಹೋಗಿ ಬತ್ತೀನಿ' ಅಂದ್ಲಾ? ಎರಡಕ್ಕೂ ಅರ್ಥ ಬೇರೆ. ನಾನು ಅವ್ಳತ್ರ ಏನ್ ಮಾತಾಡ್ಬೇಕು ಅನ್ನೋದು ಅದ್ರ ಮ್ಯಾಲೆ..."

"ಓಡೋ ಮುಠ್ಠಾಳ!" ಪುಟ್ಟಗೌರಮ್ಮ ಅವನ ಬೆನ್ನಿಗೆ ಗುದ್ದಿದಳು.

ಆಗ ಓಡಿದ. ಬೀದಿಯ ತಿರುವಿನಲ್ಲೇ ಬಸ್ಸಿನ ಹಾರನ್ನು ಕೇಳಿಸಿತು. ಬಸ್ ಸ್ಟ್ಯಾಂಡಿಗೆ ಬಂದಾಗ ಧೂಳು ಇನ್ನೂ ಇಳಿದಿರಲಿಲ್ಲ. ಕಲ್ಲುಕಟ್ಟೆಯ ಮೇಲೆ ಈರಣ್ಣ ಆರಿದ ಟೀ ಲೋಟ ಹಿಡಿದು ಕೂತಿದ್ದ.

"ಈಗ್ ತಾನೇ ಹೋದ್ಲು ಕಣ್ಲಾ," ಅಂದ ಈರಣ್ಣ. ತಪ್ಪು ಮಾಡಿದವನ ದನಿಯಲ್ಲಿ ಮೆಲ್ಲಗೆ ಹೇಳಿದ. "ಟೀ ಕೊಟ್ಟೆ, ಕುಡೀಲಿಲ್ಲ. ಬೀದಿ ಕಡೆನೇ ನೋಡ್ತಾ ಕೂತಿದ್ಲು. ಅವಾಗಿಂದ ಎರಡು ಬಸ್ಸು ಬಂದ್ವು ಕಣ್ಲಾ. ಎರಡನ್ನೂ ಬುಟ್ಲು."

ಯಾಕೆ ಬಿಟ್ಟಳು ಅಂತ ಮರುಳಸಿದ್ದಯ್ಯ ಕೇಳಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ ಕೂತುಕೊಂಡು, ಬೀದಿಯ ಕಡೆ ನೋಡಿದ.