ಅತ್ತೆಯವರ ಶೆಗಡಿ ಮತ್ತು ನನ್ನ ಭಾನುವಾರದ ತಲೆನೋವು

ತಲೆನೋವು ಬಂದವನಿಗೆ ನೋವಿಗಿಂತ ಹೆಚ್ಚು ಕಾಟ ಕೊಡುವುದು ಅದಕ್ಕೆ ಸಾಕ್ಷಿ ಇಲ್ಲದಿರುವುದು. ಕಾಲು ಮುರಿದರೆ ಪಟ್ಟಿ ಕಾಣುತ್ತದೆ, ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು, ಹೊಟ್ಟೆ ಕೆಟ್ಟರೆ ನಾವು ಹೇಳದಿದ್ದರೂ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ತಲೆನೋವನ್ನು ಮಾತ್ರ ನಾವೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಹೇಳಿಕೊಂಡ ಕೂಡಲೇ ಎದುರಿಗಿದ್ದವರು ಒಮ್ಮೆ ನಮ್ಮ ಮುಖ ನೋಡಿ, ಅದರ ಕಾರಣವನ್ನೂ ಔಷಧವನ್ನೂ ಒಂದೇ ಉಸಿರಿನಲ್ಲಿ ಕೊಟ್ಟುಬಿಡುತ್ತಾರೆ. ನನಗೆ ಗೊತ್ತಿರುವವರಲ್ಲಿ ಸೈಕಲ್ ಪಂಕ್ಚರ್ ತಿದ್ದಲು ಬಾರದವರು ಬೇಕಾದಷ್ಟು ಮಂದಿ ಇದ್ದಾರೆ, ತಲೆನೋವು ತಿದ್ದಲು ಬಾರದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ.

ಅದರಲ್ಲೂ ಚಳಿಗಾಲದ ತಲೆನೋವು. ಸಿಂಧನೂರಿನವರಾದ ನಮಗೆ ಬಿಸಿಲಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬರಿತಲೆಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ, ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು, ಅದರ ಮೇಲೆ ಚಹಾ ಕುಡಿದು ಬರುವ ಜನ ನಾವು. ಆದರೆ ಚಳಿ ನಮಗೆ ಹೊಸ ಬೀಗರ ಮನೆಯ ನೆಂಟ. ವರ್ಷಕ್ಕೊಮ್ಮೆ ಬಂದು ನಾಲ್ಕಾರು ವಾರ ಇದ್ದು ಹೋಗುವ ಅವನನ್ನು ಎಲ್ಲಿ ಕೂರಿಸಬೇಕು, ಏನು ಮಾತಾಡಬೇಕು ಎನ್ನುವುದೇ ನಮಗೆ ತಿಳಿಯುವುದಿಲ್ಲ. ವಳಕಮದಿನ್ನಿಯ ಕಡೆಯ ಗದ್ದೆಗಳ ಮೇಲಿಂದ ನಸುಕಿನಲ್ಲಿ ಒಂದಿಷ್ಟು ತಣ್ಣನೆಯ ಗಾಳಿ ಬೀಸಿದರೆ ಸಾಕು, ಊರಿಗೆ ಊರೇ ಹಿಮಾಲಯಕ್ಕೆ ಹೊರಟವರ ವೇಷ ಹಾಕಿಬಿಡುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ವೇಷ ಹಾಕುವುದರಲ್ಲಿ ಹಿಂದೆ ಬಿದ್ದವನಲ್ಲ. ಎರಡು ಸ್ವೆಟರು, ಅದರ ಮೇಲೆ ಕಿವಿ, ಗಲ್ಲ, ಹಣೆ ಮೂರನ್ನೂ ಬಿಗಿಯುವ ಮಫ್ಲರು. ಕರಿಹಲಗೆಯ ಕಡೆ ತಿರುಗಬೇಕಾದರೆ ಕುತ್ತಿಗೆ ತಿರುಗದೆ ಇಡೀ ನಾನೇ ತಿರುಗಬೇಕಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಗೀತಾ ಬಾಣಂತನಕ್ಕೆಂದು ಮಸ್ಕಿಯ ತವರಿನಲ್ಲಿದ್ದಳು. ಹೆಣ್ಣು ಕೂಸು. ಪ್ರತಿ ಭಾನುವಾರ ಲಿಂಗಸುಗೂರು ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದು, ಮಗಳ ಮುಖ ನೋಡಿಕೊಂಡು ಸಂಜೆಗೆ ಮರಳುವುದು ನನ್ನ ಕ್ರಮವಾಗಿತ್ತು. ಅದರ ಜೊತೆಗೇ ಇನ್ನೊಂದು ಕ್ರಮವೂ ತಾನಾಗಿ ಶುರುವಾಯಿತು. ಮಾವನ ಮನೆ ಸೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ನನಗೆ ತಲೆನೋವು. ಹಣೆಯ ಸುತ್ತ ಯಾರೋ ಹಗ್ಗ ಕಟ್ಟಿ ತಿರುವಿದಂತೆ. ಊಟದ ಹೊತ್ತಿಗೆ ಹೊಟ್ಟೆಯೂ ತೊಳಸುತ್ತಿತ್ತು. ಅತ್ತೆಯವರು ಹೋಳಿಗೆ ಬಡಿಸಲು ಬಂದರೆ ಬೇಡ ಎನ್ನುವ ಧೈರ್ಯ ಇಲ್ಲದೆ, ತಿನ್ನುವ ಶಕ್ತಿಯೂ ಇಲ್ಲದೆ, ಎಲೆಯ ಮುಂದೆ ಅಪರಾಧಿಯ ಹಾಗೆ ಕೂರುತ್ತಿದ್ದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ಚಳಿಯೆಂದು ನೀರು ಕುಡಿಯುವುದು ಬಿಟ್ಟಿದ್ದೀರಿ, ಅದಕ್ಕೇ ತಲೆ ಹಿಡಿಯುತ್ತದೆ ಎಂದರು ಕನ್ನಡ ಮೇಷ್ಟ್ರು. ಕನ್ನಡಕದ ನಂಬರು ಬದಲಾಗಿದೆ ಎಂದರು ಗಣಿತದವರು. ಮೂಗಿನ ಪಕ್ಕದ ಎಲುಬಿನ ಗೂಡುಗಳಲ್ಲಿ ಕಫ ಕಟ್ಟಿದೆ, ಬಿಸಿನೀರಿನ ಹಬೆ ತಗೊಳ್ಳಿ ಎಂದರು ಹೆಡ್ ಮೇಷ್ಟ್ರು. ಮಫ್ಲರನ್ನು ಅಷ್ಟು ಬಿಗಿದರೆ ಕುಂಬಳಕಾಯಿಗೂ ತಲೆನೋವು ಬರುತ್ತದೆ ಎಂದರು ಡ್ರಾಯಿಂಗಿನವರು. ಕೊನೆಗೆ ಕನ್ನಡ ಮೇಷ್ಟ್ರೇ ತಮ್ಮ ಮೊದಲ ಅಭಿಪ್ರಾಯ ಹಿಂತೆಗೆದುಕೊಂಡು, "ವಾರಪೂರ್ತಿ ಆರಾಮ ಇರ್ತೀರಿ, ಐತವಾರ ಮಾವನ ಮನಿಗೆ ಹೋದ ಕೂಡ್ಲೆ ಹಿಡೀತೈತಿ ಅಂದ್ರ ಇದಕ್ಕ ಗುಳಿಗಿ ಇಲ್ರಿ ಸರ್, ಲಗ್ನಕ್ಕಿಂತ ಮೊದಲ ವಿಚಾರ ಮಾಡಬೇಕಿತ್ತು" ಎಂದರು. ಎಲ್ಲರೂ ನಕ್ಕರು. ಇವರೆಲ್ಲರ ಮಾತಿನಲ್ಲಿ ಸತ್ಯಕ್ಕೆ ಅತಿ ಹತ್ತಿರ ಬಂದಿದ್ದು ಈ ಕುಹಕವೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅವರು ಹೇಳಿದ ಕಾರಣಗಳು ಸುಳ್ಳೇನಲ್ಲ. ಚಳಿಗಾಲದಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ನೀರು ಕಡಿಮೆಯಾದರೆ ತಲೆ ನೋಯುತ್ತದೆ. ನೆಗಡಿ ಕಟ್ಟಿದರೆ ನೋಯುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ನಿದ್ದೆ ಕೆಟ್ಟರೆ, ತಣ್ಣನೆಯ ಗಾಳಿಗೆ ಹಣೆಯೊಡ್ಡಿದರೂ ನೋಯುತ್ತದೆ. ಆದ್ದರಿಂದ ಎಲ್ಲ ಚಿಕಿತ್ಸೆಯನ್ನೂ ಮಾಡಿದೆ. ಬಾಟಲಿ ತುಂಬ ನೀರು ಕುಡಿದು ಬಸ್ಸು ಹತ್ತಿದ ಒಂದು ಭಾನುವಾರ, ಮಸ್ಕಿ ಬರುವುದರೊಳಗೆ ನನಗೆ ತಲೆಯ ಚಿಂತೆ ಹೋಗಿ ಬೇರೆಯೇ ಚಿಂತೆ ಹಿಡಿದಿತ್ತು. ಕನ್ನಡಕ ಬದಲಿಸಿದೆ. ಹಬೆ ತೆಗೆದುಕೊಂಡು ಮೂಗು ಸುಟ್ಟುಕೊಂಡೆ. ಬಸ್ಸಿನ ಕಿಟಕಿಯ ಗಾಳಿಯೇ ಕಾರಣವಿರಬೇಕೆಂದು ಹೋಗುವಾಗ ಇಂಜಿನ್ನಿನ ಪಕ್ಕದ ಬೆಚ್ಚನೆಯ ಸೀಟು ಹುಡುಕತೊಡಗಿದೆ. ಸಂಜೆ ಮರಳುವಾಗ ಮಾತ್ರ ಬಸ್ಸು ತುಂಬಿರುತ್ತಿದ್ದರಿಂದ ಒಡೆದ ಕಿಟಕಿಯ ಪಕ್ಕವೇ ಗತಿ. ಅಲ್ಲಿ ಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ ತಲೆನೋವು ಇಳಿಯುತ್ತಿತ್ತು. ನಾನು ಅದರ ಕೀರ್ತಿಯನ್ನು ಮಸ್ಕಿ ಬಸ್ ಸ್ಟ್ಯಾಂಡಿನ ಶುಂಠಿ ಚಹಾಕ್ಕೆ ಕೊಟ್ಟಿದ್ದೆ. ಇಂಥ ನಾನು ವಿಜ್ಞಾನದ ಪದವೀಧರ.

ಈಗ ಅತ್ತೆಯವರು ಸಿದ್ಧಮಾಡಿದ್ದ ಬಾಣಂತಿ ಕೋಣೆಯನ್ನು, ನಮ್ಮ ಮಾತಿನಲ್ಲಿ ಖೋಲಿಯನ್ನು, ನಿಮಗೆ ತೋರಿಸಬೇಕು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಶೆಗಡಿ ಇಟ್ಟು ಬೆನ್ನು ಕಾಯಿಸುವುದು ಹಿಂದಿನಿಂದ ಬಂದ ಪದ್ಧತಿ. ಹಳೆಯ ಮನೆಗಳಲ್ಲಿ ಅದು ನಡೆಯುತ್ತಿತ್ತು; ಮೇಲೆ ಬೆಳಕಿಂಡಿ, ಬಾಗಿಲಲ್ಲಿ ಸಂದು, ಗಾಳಿ ತನ್ನ ಪಾಡಿಗೆ ಓಡಾಡುತ್ತಿತ್ತು. ಮಾವನವರ ಮನೆ ಹೊಸದು. ಸ್ಲ್ಯಾಬಿನ ಮನೆ, ಒಂದೇ ಕಿಟಕಿ, ಅದಕ್ಕೂ ಗಾಜು. ಆ ಗಾಜಿನ ಸಂದಿಗೆ ಅತ್ತೆಯವರು ಹಳೆಯ ಸೀರೆ ತುರುಕಿದ್ದರು, ಬಾಗಿಲ ಬುಡಕ್ಕೆ ಗೋಣಿತಟ್ಟು ಸುತ್ತಿ ಇಟ್ಟಿದ್ದರು. ಶೆಗಡಿಯ ವಿಷಯದಲ್ಲಂತೂ ಅವರ ಕಾಳಜಿ ದೊಡ್ಡದು. ಹೊಗೆ ಕೂಸಿನ ಕಣ್ಣಿಗೆ ಕೆಟ್ಟದ್ದೆಂದು ಸಂತೆಕಲ್ಲೂರಿನಿಂದ ಜಾಲಿಯ ಇದ್ದಿಲನ್ನೇ ತರಿಸಿ, ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾದ ಮೇಲೆಯೇ ಒಳಗೆ ತರುತ್ತಿದ್ದರು. ನನ್ನನ್ನು ಕರೆದು, "ನೋಡ್ರಿ ಅಳಿಯಂದ್ರ, ಹೊಗಿ ಇಲ್ಲ, ವಾಸನಿ ಇಲ್ಲ" ಎಂದು ತೋರಿಸುತ್ತಿದ್ದರು. ನಾನು ಬಗ್ಗಿ ನೋಡಿ ಮೆಚ್ಚುತ್ತಿದ್ದೆ.

ಅತ್ತೆಯವರಿಗೂ ದಿನಾ ತಲೆನೋವು. ಗೀತಾಳಿಗೂ ತಲೆನೋವು, ಮೇಲೆ ತಲೆಸುತ್ತು. ಇದೆಲ್ಲ ಶೀತದ ಕಾಟವೆಂದು ಅತ್ತೆಯವರು ತೀರ್ಮಾನಿಸಿ ಸಂದಿಗೆ ಇನ್ನೊಂದು ಸೀರೆ ತುರುಕಿ, ಶೆಗಡಿಗೆ ಇನ್ನಷ್ಟು ಕೆಂಡ ಹಾಕುತ್ತಿದ್ದರು. ನೋವು ಹೆಚ್ಚಿದಷ್ಟೂ ಕೆಂಡ ಹೆಚ್ಚುತ್ತಿತ್ತು. ಆರಾಮ ಇದ್ದದ್ದು ಕೂಸು ಒಂದೇ ಎಂದು ನಾವು ತಿಳಿದಿದ್ದೆವು. ಎತ್ತಿದರೆ ಅಳುತ್ತಿರಲಿಲ್ಲ, ಇಳಿಸಿದರೆ ಅಳುತ್ತಿರಲಿಲ್ಲ. "ಭಾಳ ಶಾಣ್ಯಾ ಐತ್ರಿ, ಸುಮ್ನ ಮಲಗೇ ಇರತೈತಿ" ಎಂದು ಅತ್ತೆಯವರು ಓಣಿಗೆಲ್ಲ ಹೊಗಳುತ್ತಿದ್ದರು. ಈ ಮಾತು ನೆನಪಾದರೆ ಇವತ್ತಿಗೂ ಎದ್ದು ಹೋಗಿ, ಮಲಗಿದ ಮಗಳನ್ನು ಒಮ್ಮೆ ಮುಟ್ಟಿ ನೋಡುತ್ತೇನೆ.

ಆ ಭಾನುವಾರ ಚಳಿ ವಿಪರೀತ. ನಾನು ಹೋದಾಗ ಶೆಗಡಿ ಒಂದಲ್ಲ, ಎರಡು. ಹೊರಸಿನ ಕೆಳಗೊಂದು, ಬಾಗಿಲ ಮೂಲೆಗೊಂದು. ಗೀತಾ ಹಣೆಗೆ ಬಟ್ಟೆ ಬಿಗಿದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅತ್ತೆಯವರೂ ಹಣೆಗೆ ಬಟ್ಟೆ ಕಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ನಾನೂ ಮಫ್ಲರನ್ನು ಹಣೆಗೆ ಏರಿಸಿದೆ. ಮೂವರೂ ಮುಖ ಮುಖ ನೋಡುತ್ತ, ಯಾರ ನೋವು ಹೆಚ್ಚಿನದೆಂದು ಹೋಲಿಸುತ್ತಿದ್ದೆವು. ಆಗ ಮಾವನವರು ತಮ್ಮ ಬಟ್ಟೆಯಂಗಡಿಯಿಂದ ಬಂದು, ಅಂಗಿ ಕಳಚಿಟ್ಟು, ಬಾಗಿಲನ್ನು ಅರ್ಧ ತೆರೆದು ಹೊಸ್ತಿಲಲ್ಲಿ ನಿಂತರು. ಮೈಮೇಲೆ ಬರಿಯ ಬನಿಯನ್ನು, ಹಣೆಯ ಮೇಲೆ ಬೆಳಗಿನ ವಿಭೂತಿ.

"ಇದೇನು, ಮೂರೂ ಮಂದಿ ರುಮಾಲು ಸುತ್ತಿ ಪಂಚಾಯ್ತಿ ಕುಂತೀರಿ?" ಎಂದರು. "ನಾ ನಸುಕಿನ್ಯಾಗ ಎದ್ದು ತಣ್ಣೀರು ಹೊಯ್ಕೊಂಡು ಗುಡಿಗೆ ಹೋಗಿ ಬಂದೀನಿ. ಥಂಡಿಗೆ ತಲಿ ನೋಯೋದಾಗಿದ್ರ ಮೊದಲ ನಂದು ನೋಯಬೇಕಿತ್ತು."

ಅವರು ಚೇಷ್ಟೆಗೆ ಹೇಳಿ ಬಾಗಿಲು ಮುಚ್ಚಿಕೊಂಡು ಹೋದರು. ನನ್ನ ಮಂಕಾದ ತಲೆಯೊಳಗೆ ಆ ಮಾತು ತಿರುಗತೊಡಗಿತು. ಈ ಖೋಲಿಯಲ್ಲಿ ಕೂರದವರು ಇಡೀ ಮನೆಯಲ್ಲಿ ಅವರೊಬ್ಬರೇ. ತಲೆ ನೋಯದವರೂ ಅವರೊಬ್ಬರೇ. ಆ ಹೊತ್ತಿಗೆ, ಅದೇ ವಾರ ನಾನೇ ತರಗತಿಯಲ್ಲಿ ಬರೆಸಿದ ಉತ್ತರ ನನ್ನದೇ ದನಿಯಲ್ಲಿ ಕೇಳಿಸಿತು: ಇಂಗಾಲ ಅರೆಬರೆ ಉರಿದಾಗ ಹುಟ್ಟುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ವಿಷ. 'ವಾಸನೆಯಿಲ್ಲ' ಎನ್ನುವುದರ ಕೆಳಗೆ ಗೆರೆ ಎಳೆಯಲು ಹೇಳಿದ್ದೆ, ಪರೀಕ್ಷೆಗೆ ಬರುತ್ತದೆಂದು. ಪರೀಕ್ಷೆ ನನಗೇ ಬಂದಿತ್ತು.

"ರೀ, ಕೂಸಿನ್ನ ಹಿಡ್ಕೊಳ್ರಿ, ನನಗ ಕಣ್ಣಿಗೆ ಕತ್ತಲಿ ಬರಾಕತ್ತೈತಿ" ಎಂದಳು ಗೀತಾ. ಏಳಲು ಹೋದವಳು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿದಳು. ಕೂಸು ನನ್ನ ಕೈಯಲ್ಲಿತ್ತು. ಅದರ ಕತ್ತು ಒಂದು ಕಡೆ ವಾಲಿತ್ತು.

ನಾನು ಎದ್ದು ಗೋಣಿತಟ್ಟನ್ನು ಒದ್ದೆ, ಬಾಗಿಲು ತೆಗೆದೆ. ಮೂರನೆಯ ಹೋಳಿಗೆಯನ್ನೂ ಬೇಡ ಎನ್ನಲಾರದ ಅಳಿಯ ಹೀಗೆ ಎದ್ದದ್ದು ಕಂಡು ಅತ್ತೆಯವರು ಅಡ್ಡ ಬಂದರು. "ಅಳಿಯಂದ್ರ, ನಿಮಗೇನಾಗೇತಿ? ಹಸಿ ಬಾಣಂತಿ ಐತ್ರಿ, ಗಾಳಿ ಬಡೀತೈತಿ."

"ಗಾಳಿ ಬಡೀಲಿ ಅಂತನ ತೆಗೀಯಾಕತ್ತೀನಿ" ಎಂದೆ. ಅಂಥ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಕೂಗು ಕೇಳಿ ಓಡಿಬಂದ ಮಾವನವರು ಮಗಳನ್ನು ತೋಳಿನಡಿ ಹಿಡಿದು ಅಂಗಳಕ್ಕೆ ತಂದರು. ಅತ್ತೆಯವರು ತಡವರಿಸುತ್ತ ಹಿಂದೆ ಬಂದರು. ಆ ಕೊರೆಯುವ ಗಾಳಿಯಲ್ಲಿ ನಾನು ಕೂಸಿನ ತಲೆಯ ಕುಂಚಿಗೆ ಬಿಚ್ಚಿ, ಸುತ್ತಿದ್ದ ಬಟ್ಟೆ ಸಡಿಲಿಸಿ, ಅಂಗಾಲು ತಟ್ಟಿದೆ. ಅದು ಅಳಲಿಲ್ಲ. ಇನ್ನೊಮ್ಮೆ ತಟ್ಟಿದೆ. ಇಷ್ಟು ದಿನ ಯಾವ ಮೌನವನ್ನು ನಾವೆಲ್ಲ ಮೆಚ್ಚಿಕೊಂಡಿದ್ದೆವೋ ಅದನ್ನು ಸಹಿಸಲಾರದೆ ಮಾವನವರು ಕೂಸಿನ ಮುಖದ ಹತ್ತಿರ ಬಗ್ಗಿ, "ಅಳವ್ವಾ, ಒಂದ್ಸಲ ಅಳು" ಎಂದು ಬೇಡಿಕೊಳ್ಳುತ್ತಿದ್ದರು. ಎಷ್ಟು ಹೊತ್ತಾಯಿತೋ ಹೇಳಲಾರೆ. ತುಟಿ ನಡುಗಿತು, ಮುಖ ಕೆಂಪಾಯಿತು, ಆಮೇಲೆ ಬಂತು ನೋಡಿ, ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಒಂದು ಕಿರುಚಾಟ. ಅದಕ್ಕಿಂತ ಇಂಪಾದದ್ದನ್ನು ನನ್ನ ಕಿವಿ ಕೇಳಿಲ್ಲ. ನನ್ನ ಹಣೆಯ ಮಫ್ಲರು ಬಿಚ್ಚಿ ಬಿದ್ದು ಅದೆಷ್ಟು ಹೊತ್ತಾಗಿತ್ತೋ.

ಆಟೋದಲ್ಲಿ ಎಲ್ಲರೂ ಮಸ್ಕಿಯ ಆಸ್ಪತ್ರೆಗೆ, ಅಲ್ಲಿಯವರು ಹೇಳಿದಂತೆ ಲಿಂಗಸುಗೂರಿನ ದೊಡ್ಡ ಆಸ್ಪತ್ರೆಗೆ. ತಾಯಿಗೂ ಮಗಳಿಗೂ ಆಮ್ಲಜನಕ ಹಚ್ಚಿದರು. ಅತ್ತೆಯವರಿಗೂ ಹಚ್ಚಿದರು, ಅವರು ಅದನ್ನು ಮೂಗಿಗೆ ಹಾಕಿಸಿಕೊಳ್ಳುವ ಮೊದಲು ಹೊಗೆ ಬರುತ್ತದೆಯೇ ಎಂದು ಕೇಳಿದರು. ಡಾಕ್ಟರಮ್ಮ ಎಲ್ಲ ವಿಚಾರಿಸಿ ಹೇಳಿದ್ದಿಷ್ಟು: ಒಬ್ಬರಿಗೆ ತಲೆ ನೋಯುತ್ತಿದ್ದರೆ ತಲೆ ನೋಡಬೇಕು, ಒಂದೇ ಖೋಲಿಯಲ್ಲಿ ಕೂತವರಿಗೆಲ್ಲ ನೋಯುತ್ತಿದ್ದರೆ ಖೋಲಿ ನೋಡಬೇಕು. ಹೊರಗೆ ಬಂದರೆ ಇಳಿಯುವ ನೋವು ಆ ಖೋಲಿಯ ಗಾಳಿಯದೇ. ಅದಕ್ಕೆ ಗುಳಿಗೆ, ಮುಲಾಮು ನಡೆಯುವುದಿಲ್ಲ; ಮೊದಲು ಬಯಲಿಗೆ ಬರಬೇಕು, ತಡಮಾಡದೆ ಆಸ್ಪತ್ರೆಗೆ ಬರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಬಾಗಿಲಾ ತೆಗೆದಿದ್ದು ಚಲೋ ಆತ್ರಿ. ಇನ್ನ ಸ್ವಲ್ಪ ತಡ ಆಗಿದ್ರ ನಾ ಹೇಳೋ ಮಾತು ಬ್ಯಾರೆ ಇರ್ತಿತ್ತು" ಎಂದರು. ಆ ಬೇರೆ ಮಾತು ಯಾವುದೆಂದು ನಾನು ಕೇಳಲಿಲ್ಲ. ಪಾಠದ ನಡುವೆ, ಬಸ್ಸಿನಲ್ಲಿ, ಕ್ಷೌರಕ್ಕೆ ಕೂತಾಗ, ಅದು ತಾನಾಗಿಯೇ ಬಂದು ಕಿವಿಯಲ್ಲಿ ಹೇಳಿ ಹೋಗುತ್ತದೆ. ಆ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ-ಮಿರ್ಚಿಗೆ ನಿಂತಿದ್ದರೆ? ಮಾವನವರು ಚೇಷ್ಟೆ ಮಾಡದೆ ಅಂಗಡಿಯಲ್ಲೇ ಉಳಿದಿದ್ದರೆ?

ಅವರು ಉಳಿಯಲಿಲ್ಲ, ನಾನು ನಿಲ್ಲಲಿಲ್ಲ, ಎಲ್ಲರೂ ಗಟ್ಟಿಯಾಗಿದ್ದೇವೆ. ಮನೆಗೆ ಮರಳಿದ ಅತ್ತೆಯವರು ಎರಡೂ ಶೆಗಡಿಗಳನ್ನು ಅಂಗಳಕ್ಕೆ ಒಯ್ದು, ಮಣ್ಣು ತುಂಬಿ, ಕೊತ್ತಂಬರಿ ಬೀಜ ಹಾಕಿದರು. ಈಗ ಅವರ ಓಣಿಯಲ್ಲಿ ಯಾವ ಮನೆಗೆ ಬಾಣಂತಿ ಬಂದರೂ ಮೊದಲು ಹೋಗಿ ಕಿಟಕಿ ತೆರೆಯಿಸುವವರು ಅವರೇ. ತೆರೆಯದವರಿಗೆ, "ನಮ್ಮ ಅಳಿಯಂದ್ರು ಸೈನ್ಸ್ ಓದ್ಯಾರ, ಖೋಲ್ಯಾಗ ಕುಂತ್ರ ಸಾಕು, ಗಾಳಿ ಎಂಥಾದ್ದಂತ ಹೇಳತಾರ" ಎಂದು ನನ್ನ ಹೆಸರು ಹೇಳುತ್ತಾರಂತೆ. ಎಷ್ಟು ಭಾನುವಾರ ಕೂತ ಮೇಲೆ ಹೇಳಿದೆ ಎನ್ನುವುದನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡುತ್ತಾರೆ.

ಈಗ ತಾಯಿ ಮಗಳು ಇಬ್ಬರೂ ಸಿಂಧನೂರಿಗೆ ಬಂದಿದ್ದಾರೆ. ಮಗಳು ಆ ದಿನ ಅಂಗಳದಲ್ಲಿ ಶುರು ಮಾಡಿದ್ದನ್ನು ಇನ್ನೂ ನಿಲ್ಲಿಸಿಲ್ಲ. ಹಸಿದರೆ ಅಳುತ್ತಾಳೆ, ಹೊಟ್ಟೆ ತುಂಬಿದರೆ ಅಳುತ್ತಾಳೆ, ನಾನು ಪಾಠದ ತಯಾರಿಗೆ ಕೂತರೆ ಬೇಕೆಂದೇ, ಮುದ್ದಾಮ್ ಅಳುತ್ತಾಳೆ. ಮನೆಯ ಕಿಟಕಿಗಳನ್ನು ನಾನು ಒಂದೂ ಬಿಡದೆ ತೆಗೆದಿಟ್ಟಿರುವುದರಿಂದ ಆ ಅಳು ಬೀದಿಯವರಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಅತ್ತೆಯವರು ದಿನಾ ಫೋನ್ ಮಾಡಿ ಕೇಳುವುದು ಒಂದೇ: "ಅಳಾಕತ್ತೈತೇನ್ರೀ?" ಹೌದು ಎಂದರೆ ನೆಮ್ಮದಿಯಾಗಿ ಫೋನಿಡುತ್ತಾರೆ.

ನಿನ್ನೆ ಸ್ಟಾಫ್ ರೂಮಿನಲ್ಲಿ ಹಣೆ ಹಿಡಿದುಕೊಂಡು ಕೂತಿದ್ದೆ. ಕನ್ನಡ ಮೇಷ್ಟ್ರು, ಮತ್ತೆ ತಲೆನೋವೇ, ಒಂದು ಗುಳಿಗೆ ಕೊಡಲೇ ಎಂದು ಕೇಳಿದರು. ಬೇಡ ಎಂದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ತಲೆನೋವಿನ ಕಾರಣ ನನಗೆ ಸರಿಯಾಗಿ ಗೊತ್ತಿದೆ, ರಾತ್ರಿಯೆಲ್ಲ ಆ ಅಳು ಕೇಳಿದ ಇಡೀ ಬೀದಿಯೇ ಅದಕ್ಕೆ ಗಟ್ಟಿ ಸಾಕ್ಷಿ. ಇದೊಂದು ವಾಸಿಯಾಗದಿದ್ದರೆ ಸಾಕು.